ಕಡಲಾಚೆಯ ವಾಣಿಜ್ಯ ವಿದ್ಯೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹಾದಿಯಲ್ಲಿರುವ ಇಲವಾಲದ ಹೆಸರು ಒಂದು ಕಾಲಕ್ಕೆ ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತ್ತು. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಸಮ್ಮುಖದಲ್ಲಿ ಇಲ್ಲಿ ಗ್ರಾಮದಾನ ಪರಿಷತ್ತು ಸೇರಿತು. ರಾಷ್ಟ್ರಾಧ್ಯಕ್ಷ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ, ಕೇರಳದ ಮುಖ್ಯಮಂತ್ರಿ ನಂಬೂದಿರಿಪಾಡರು ಮೊದಲಾದವರು ಪಕ್ಷಭೇದವನ್ನು ಬದಿಗಿಟ್ಟು, ನೆಲದ ಒಡೆತನವನ್ನು ಊರಿಗೇ ಒಪ್ಪಿಸುವ ವಿಚಾರವನ್ನು ಚರ್ಚಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಇನ್ಸಿಯಾಡ್ ಎಂಬ ವಾಣಿಜ್ಯ ವಿದ್ಯಾಲಯ ಸ್ಥಾಪನೆಯಾಯಿತು. ಯುದ್ಧದಲ್ಲಿ ಒಬ್ಬರನ್ನೊಬ್ಬರು ಇದಿರಿಸಿದ್ದ ರಾಷ್ಟ್ರಗಳ ತರುಣರು ಒಂದೇ ಕೊಠಡಿಯಲ್ಲಿ ಕುಳಿತು ವ್ಯವಹಾರವನ್ನು ಕಲಿಯಬೇಕೆಂಬುದು ಅದರ ಆಶಯ.

ಈ ಎರಡು ಸಂಗತಿಗಳಿಗೆ ಅಂದು ಯಾವ ನಂಟೂ ಇರಲಿಲ್ಲ. ಇಂದು ಇಲವಾಲದ ಆಸುಪಾಸಿನ ಕೆಲವು ಮನೆಗಳ ಜಗಲಿಯ ಮೇಲೆ ಅವೆರಡೂ ಒಟ್ಟಿಗೆ ಬಂದು ಕುಳಿತಿವೆ. ಮಗನನ್ನೋ ಮಗಳನ್ನೋ ವಾಣಿಜ್ಯ ವ್ಯಾಸಂಗಕ್ಕೆ ಕಡಲಾಚೆಗೆ ಕಳುಹಿಸುವುದಕ್ಕಾಗಿ ಇರುವ ನೆಲವನ್ನು ಅಡವಿಡಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನಲ್ಲಿಗೂ ಈ ಪ್ರಶ್ನೆ ಬರುತ್ತದೆ. ಕಳೆದ ವರ್ಷ ನನ್ನ ಬಿ.ಕಾಂ. ವಿದ್ಯಾರ್ಥಿಯೊಬ್ಬನ ತಂದೆ ಕೇಳಿದರು: “ಮೇಷ್ಟ್ರೇ, ಇವನು ಲಂಡನ್ನಿಗೆ ಹೋಗಿ ವ್ಯಾಪಾರ ಓದ್ತಾನಂತೆ. ವ್ಯಾಪಾರಾನ ಓದಿ ಕಲಿಯೋದು ಏನು ಬಂತು? ಸಂತೇಲಿ ಕೂತರೆ ಬರೋದಿಲ್ವಾ?”

ಆ ಹಿರಿಯರ ಮಾತು ಅಲ್ಲಗಳೆಯುವಂಥದಲ್ಲ. ಲಾಭನಷ್ಟದ ಲೆಕ್ಕ, ಸರಕಿನ ಗುಣ, ಮಾತಿನ ಬೆಲೆ ಇವನ್ನು ಸಂತೆಗಿಂತ ಚೆನ್ನಾಗಿ ಕಲಿಸುವ ಶಾಲೆ ಮತ್ತೊಂದಿಲ್ಲ. ಆದರೆ ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಒಂದೇ ನುಡಿಯವರು. ಹಬ್ಬ ಯಾವುದು, ಬೆಳೆ ಹೇಗಿದೆ ಎಂಬುದು ಇಬ್ಬರಿಗೂ ಗೊತ್ತು. ನಮ್ಮ ಪರಿಚಯವೇ ಇಲ್ಲದ, ನಮ್ಮ ಮುಖವನ್ನೇ ಕಾಣದ ಕೊಳ್ಳುಗನ ಮನಸ್ಸನ್ನು ಅರಿಯುವುದು ಹೇಗೆ? ಪರದೇಶದ ವ್ಯಾಸಂಗದಿಂದ ದೊರೆಯಬೇಕಾದದ್ದು ಈ ಅರಿವು.

ಅದನ್ನು ಕಲಿಸುವ ಕ್ರಮವೂ ನಮಗೆ ತೀರ ಹೊಸದಲ್ಲ. 1908ರಲ್ಲಿ ಆರಂಭವಾದ ಅಮೆರಿಕದ ಹಾರ್ವರ್ಡ್ ವಾಣಿಜ್ಯ ಶಾಲೆಯಲ್ಲಿ ಬೆಳೆದ ಪ್ರಕರಣ ಪದ್ಧತಿಯನ್ನು ನೋಡಿ. ನಡೆದ ಒಂದು ವ್ಯವಹಾರದ ಕಥೆಯನ್ನು ಬರೆದು ವಿದ್ಯಾರ್ಥಿಗಳ ಮುಂದಿಡುತ್ತಾರೆ. ಕಥೆ ಒಂದು ಇಕ್ಕಟ್ಟಿಗೆ ಬಂದು ನಿಲ್ಲುತ್ತದೆ: ಕಾರಖಾನೆಯನ್ನು ಮುಚ್ಚಬೇಕೆ, ಬೆಲೆಯನ್ನು ಇಳಿಸಬೇಕೆ, ಹೊಸ ದೇಶಕ್ಕೆ ಕಾಲಿಡಬೇಕೆ? ಅಧ್ಯಾಪಕ ಉತ್ತರ ಹೇಳುವುದಿಲ್ಲ, ವಿದ್ಯಾರ್ಥಿಗಳೇ ವಾದಿಸಬೇಕು. ಬೇತಾಳನು ವಿಕ್ರಮನ ಹೆಗಲೇರಿ ಮಾಡಿದ್ದು ಇದನ್ನೇ ಅಲ್ಲವೆ? ಸುಮಾರು 1031ರಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿಯೂ ರಾಜಕುಮಾರರು ಲೋಕವ್ಯವಹಾರವನ್ನು ಕಲಿತದ್ದು ಕಥೆಗಳಿಂದಲೇ. ಒಂದು ವ್ಯತ್ಯಾಸವುಂಟು: ಅಲ್ಲಿನ ತರಗತಿಯಲ್ಲಿ ಬ್ರೆಜಿಲಿನವನು ಒಂದು ಉತ್ತರ ಹೇಳಿದರೆ ಜಪಾನಿನವಳು ಇನ್ನೊಂದು ಹೇಳುತ್ತಾಳೆ. ತನಗೆ ಸಹಜವೆಂದು ತೋರಿದ್ದು ಇನ್ನೊಬ್ಬರಿಗೆ ವಿಚಿತ್ರವೆಂದು ತಿಳಿಯುವುದೇ ಅಲ್ಲಿನ ಮೊದಲ ಪಾಠ.

ಇಂಥ ವಿದ್ಯೆ ಫಲ ಕೊಡುವುದು ಹೇಗೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. 1914ರ ಮಹಾಯುದ್ಧದಿಂದ, ಜರ್ಮನಿಗೆ ಹೋಗುತ್ತಿದ್ದ ನಮ್ಮ ಗಂಧದ ಮರಕ್ಕೆ ಗಿರಾಕಿ ಇಲ್ಲದಂತಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರಖಾನೆಗಳು ಹುಟ್ಟಿದವು. ಸಾಬೂನು ತಯಾರಿಕೆಯನ್ನು ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಕಲಿತದ್ದು ಪರದೇಶದ ರಸಾಯನಕ್ರಮ. ಅದಕ್ಕೆ ಬೆರೆಸಿದ್ದು ಈ ನೆಲದ ಪರಿಮಳ. ಮೇಲೆ ಒತ್ತಿದ್ದು ನಮ್ಮ ಪುರಾಣದ ಶರಭದ ಮುದ್ರೆ. ಮೈಸೂರು ಸ್ಯಾಂಡಲ್ ಸಾಬೂನು ಲೋಕಪ್ರಸಿದ್ಧವಾಯಿತು. ಶಾಸ್ತ್ರಿಗಳು ವಾಣಿಜ್ಯಶಾಲೆಯ ವಿದ್ಯಾರ್ಥಿಯಲ್ಲ, ನಿಜ. ಆದರೆ ಹೊರಗಿನ ವಿದ್ಯೆಯನ್ನು ಮನೆಯ ಸರಕಿಗೆ ಹೊಂದಿಸಿದ್ದೇ ವಾಣಿಜ್ಯದ ಜಾಣ್ಮೆ.

ವಾಣಿಜ್ಯವನ್ನೇ ಓದಿದವರ ಉದಾಹರಣೆ ಬೇಕೆಂದರೆ, ನಮ್ಮ ಮಣಿಪಾಲದಲ್ಲಿ 1988ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದ ಸತ್ಯ ನಾದೆಲ್ಲ ಅವರಿದ್ದಾರೆ. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದ ಅವರು ಉದ್ಯೋಗದಲ್ಲಿದ್ದುಕೊಂಡೇ, ವಾರದ ಕೊನೆಯ ದಿನಗಳಲ್ಲಿ ವಿಮಾನವೇರಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿ, 1997ರಲ್ಲಿ ಎಂ.ಬಿ.ಎ. ಪಡೆದರು. ಆ ಸಂಸ್ಥೆಯ ಮುಖ್ಯಾಧಿಕಾರಿಯಾದದ್ದು 2014ರಲ್ಲಿ. ನಡುವೆ ಹದಿನೇಳು ವರ್ಷಗಳ ದುಡಿಮೆಯಿದೆ ಎಂಬುದನ್ನು ತರುಣರು ಗಮನಿಸಬೇಕು. ಪದವಿ ಬಾಗಿಲನ್ನು ತೋರಿಸೀತು. ಒಳಗಿನ ಮೆಟ್ಟಿಲುಗಳನ್ನು ತಾನೇ ಹತ್ತಬೇಕು.

ಕೆಲವು ವೇಳೆ ಪದವಿ ಬಾಗಿಲನ್ನೂ ತೆರೆಯದು. ಬೆಂಗಳೂರಿನ ಕಿರಣ್ ಮಜುಂದಾರ್ 1975ರಲ್ಲಿ ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಮುಗಿಸಿ ಬಂದಾಗ, ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಅವರಿಗೆ ತಕ್ಕ ಕೆಲಸ ಸಿಕ್ಕಲಿಲ್ಲ. 1978ರಲ್ಲಿ ಐರ್ಲೆಂಡಿನ ಉದ್ಯಮಿಯೊಬ್ಬರ ಸಹಯೋಗದಿಂದ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಆರಂಭಿಸಿದರು. ಮೊದಲಿಗೆ ಅವರು ಮಾಡಿದ ಸರಕುಗಳಲ್ಲಿ ಒಂದು, ಪರಂಗಿಕಾಯಿಯಿಂದ ತೆಗೆಯುವ ಪಪೇನ್ ಎಂಬ ಕಿಣ್ವ. ನಮ್ಮ ಹಿತ್ತಿಲ ಪರಂಗಿಯಲ್ಲಿ ಪಶ್ಚಿಮದ ಉದ್ಯಮಕ್ಕೆ ಬೇಕಾದದ್ದೇನಿದೆ ಎಂದು ಕಾಣುವುದಕ್ಕೆ ಎರಡೂ ಕಡೆಯ ಪರಿಚಯ ಬೇಕಾಯಿತು.

ಹಾಗೆಂದ ಮಾತ್ರಕ್ಕೆ ನೆಲವನ್ನು ಅಡವಿಡಿರೆಂದು ನಾನು ಹೇಳಲಾರೆ. ಓದು ಮುಗಿದ ಮೇಲೆ ಅಲ್ಲಿಯೇ ಕೆಲವು ಕಾಲ ದುಡಿದು ಸಾಲ ತೀರಿಸಬಹುದೆಂಬುದು ಎಲ್ಲರ ಲೆಕ್ಕ. ಆ ಲೆಕ್ಕದ ಕೀಲಿ ಪರಸರಕಾರದ ಕೈಯಲ್ಲಿದೆ. ಬ್ರಿಟನ್ ಅಂಥ ಅನುಮತಿಯನ್ನು 2012ರಲ್ಲಿ ನಿಲ್ಲಿಸಿತು. 2021ರಲ್ಲಿ ಬೇರೆ ರೂಪದಲ್ಲಿ ಮತ್ತೆ ಕೊಟ್ಟಿತು. ಮಧ್ಯದ ವರ್ಷಗಳಲ್ಲಿ ಓದಿದವರ ಪಾಡನ್ನು ಊಹಿಸಿ. ಆ ತಂದೆಗೆ ನಾನು ಹೇಳಿದ್ದಿಷ್ಟೆ: ಅಲ್ಲಿ ಕೆಲಸ ಸಿಕ್ಕದೆ ಹಿಂದಿರುಗಿದರೂ ತೀರಿಸಬಲ್ಲಷ್ಟು ಸಾಲವನ್ನು ಮಾತ್ರ ಮಾಡಿ, ಹುಡುಗ ಮೊದಲು ಎರಡು ವರ್ಷ ಇಲ್ಲಿ ದುಡಿಯಲಿ, ಅನುಭವವುಳ್ಳವನಿಗೆ ಆ ತರಗತಿಯಲ್ಲಿ ಹೇಳುವುದಕ್ಕೂ ಏನಾದರೂ ಇರುತ್ತದೆ.

ಕನ್ನಡದಲ್ಲಿ ಓದಿದ್ದು ತೊಡಕಾದೀತೆಂಬ ಅಂಜಿಕೆಯೂ ನಮ್ಮ ಹುಡುಗರಲ್ಲಿದೆ. ಮೊದಲು ಹೇಳಿದ ಇನ್ಸಿಯಾಡ್ ಬಹುಕಾಲದವರೆಗೆ ತನ್ನ ವಿದ್ಯಾರ್ಥಿಗಳಿಗೆ ಮೂರು ಭಾಷೆಗಳ ಪರಿಚಯ ಇರಬೇಕೆಂದು ವಿಧಿಸಿತ್ತು. ಮೈಸೂರಿನ ಅಂಗಡಿಬೀದಿಯಲ್ಲಿ ಬೆಳೆದ ಹುಡುಗ ಕನ್ನಡ, ಉರ್ದು, ತಮಿಳುಗಳನ್ನು ಕಲಿಸುವವರಿಲ್ಲದೆಯೇ ಕಲಿತಿರುತ್ತಾನೆ. ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವಾಗ ಮನಸ್ಸು ಹೂಡುವ ಶ್ರಮವೇ ಅಂತರರಾಷ್ಟ್ರೀಯ ವ್ಯವಹಾರದ ಸಾರ. ಇಂಗ್ಲಿಷನ್ನು ಅವನು ಶ್ರಮವಹಿಸಿ ಕಲಿಯಲೇಬೇಕು; ಅದಕ್ಕಾಗಿ ಉಳಿದ ನುಡಿಗಳನ್ನು ಮರೆಯಬೇಕಾದ್ದಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಸೂಚನೆ. ಹೊರಡುವ ವಿದ್ಯಾರ್ಥಿಯಿಂದ, ತಾನು ಬಲ್ಲ ಒಂದು ವ್ಯಾಪಾರದ ಕಥೆಯನ್ನು ಕನ್ನಡದಲ್ಲಿ ಬರೆಯಿಸೋಣ. ನಂಜನಗೂಡಿನ ರಸಬಾಳೆಯಾಗಲಿ, ಮೈಸೂರಿನ ವೀಳ್ಯದೆಲೆಯಾಗಲಿ, ಬೆಳೆಯುವವರು ಯಾರು, ಕೊಳ್ಳುವವರು ಯಾರು, ನಡುವೆ ಹಣ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವನು ಕೇಳಿ ತಿಳಿದು ಬರೆಯಲಿ. ಕೊನೆಯಲ್ಲಿ ಬೇತಾಳನಂತೆ ಒಂದು ಪ್ರಶ್ನೆಯನ್ನೂ ಇಡಲಿ. ಆ ಬರಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದವನಿಗೆ, ಪರದೇಶದ ತರಗತಿಯಲ್ಲಿ ಉತ್ತರ ಹುಡುಕಲು ತನ್ನದೇ ಆದ ಕಾರಣವೊಂದು ಇರುತ್ತದೆ.