ಹುಳು ಉಂಡದ್ದೇ ಗೋಸುಂಬೆಯ ಊಟ

ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕಗಳ ವ್ಯಾಪಾರ ಮಾಡುವ ಓದುಗರೊಬ್ಬರು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿದ್ದಾರೆ. ಅವರ ತಂಗಿಯ ಮಗ ಯೆಮನ್ ಮೂಲದ ಗೋಸುಂಬೆಯೊಂದನ್ನು ಸಾಕಿದ್ದಾನೆ. ಕ್ರಿಕೆಟ್ ಹುಳು ಜೀವಂತ ಓಡಾಡುತ್ತಿದ್ದರೆ ಅದು ಗಬಕ್ಕನೆ ಹಿಡಿಯುತ್ತದೆ, ಸತ್ತದ್ದನ್ನು ಮೂಗಿನ ತುದಿಗಿಟ್ಟರೂ ಕಣ್ಣೆತ್ತಿ ನೋಡುವುದಿಲ್ಲ. ಇದೇನು ಧಿಮಾಕೇ? ಎರಡನೆಯದು ಅಪ್ಪಟ ವ್ಯಾಪಾರಿಯ ಪ್ರಶ್ನೆ. ದುಡ್ಡು ಸುರಿದು ಡಬ್ಬಿಗಟ್ಟಲೆ ಹುಳು ತರಿಸುವ ಬದಲು, ಅಂಗಡಿಯ ಅಟ್ಟದಲ್ಲಿ ಪುಕ್ಕಟೆ ಸಿಗುವ ಜಿರಳೆಗಳನ್ನೂ ಹಾಳೆಗಳ ನಡುವೆ ಓಡಾಡುವ ಬೆಳ್ಳಿಹುಳಗಳನ್ನೂ ಹಾಕಿದರೆ ಏನು ತಪ್ಪು?

ಧಿಮಾಕಿನದೇನೂ ಇಲ್ಲ, ಎಲ್ಲ ಕಣ್ಣಿನ ಮಹಿಮೆ. ಗೋಸುಂಬೆಗೆ ಊಟವೆಂದರೆ ಅಲುಗುವ ವಸ್ತು. ವಾಸನೆ ಹಿಡಿದು ಹುಡುಕಿ ತಿನ್ನುವ ಜಾತಿ ಅದಲ್ಲ. ಎಲೆಯ ಮೇಲೆ ಒಂದು ಕಾಲೋ ಮೀಸೆಯೋ ಮಿಸುಕಿದಾಗ ಅದರ ಗಮನ ಅತ್ತ ಹರಿಯುತ್ತದೆ. ಸತ್ತ ಹುಳುವನ್ನು ಚಿಮಟದಲ್ಲಿ ಹಿಡಿದು ಅಲ್ಲಾಡಿಸಿ ತಿನ್ನಿಸುವ ಜಾಣರೂ ಇದ್ದಾರೆ. ಆಗಲೂ ಅದು ಮರುಳಾಗುವುದು ಅಲ್ಲಾಟಕ್ಕೇ.

ಗೋಸುಂಬೆಯ ಎರಡು ಕಣ್ಣುಗಳು ಎರಡು ದಿಕ್ಕು ನೋಡುತ್ತವೆಂದು ಎಲ್ಲರೂ ಬಲ್ಲರು. ಬೇಟೆ ಕಂಡೊಡನೆ ಎರಡೂ ಮುಂದಕ್ಕೆ ತಿರುಗಿ ಅದರ ಮೇಲೆ ನೆಡುತ್ತವೆ. ಹಾಗಾಗಿ ಎರಡು ಕಣ್ಣುಗಳ ನೋಟವನ್ನು ತಾಳೆ ಹಾಕಿ, ಮನುಷ್ಯರಂತೆಯೇ ಅದೂ ದೂರವನ್ನು ಅಳೆಯುತ್ತಿರಬೇಕೆಂದು ಊಹಿಸುವುದು ಸಹಜ. 1977ರಲ್ಲಿ ಹಾರ್ಕ್‌ನೆಸ್ ಎಂಬ ಸಂಶೋಧಕರು ಈ ಊಹೆಯನ್ನು ಪರೀಕ್ಷಿಸಲು ಗೋಸುಂಬೆಗಳಿಗೆ ಕನ್ನಡಕ ತೊಡಿಸಿಬಿಟ್ಟರು! ಮಸೂರದ ಹಿಂದಿನಿಂದ ನೋಡಿದ ಪ್ರಾಣಿಗಳು ನಾಲಗೆ ಬೀಸಿದ ಅಳತೆ ತಪ್ಪಿತು. ಎಷ್ಟು ತಪ್ಪಿತು ಎಂಬುದರಿಂದಲೇ ಗುಟ್ಟು ಬಯಲಾಯಿತು. ಬಿಂಬ ಸ್ಪಷ್ಟವಾಗಲು ಕಣ್ಣಿನ ಮಸೂರ ಎಷ್ಟು ಹೊಂದಿಕೊಳ್ಳಬೇಕಾಯಿತು ಎಂಬುದೇ ಗೋಸುಂಬೆಯ ಅಳತೆಗೋಲು. ಕ್ಯಾಮೆರಾದವರು ಫೋಕಸ್ ಎನ್ನುವುದು ಇದನ್ನೇ.

1995ರಲ್ಲಿ ಜರ್ಮನಿಯ ಓಟ್ ಮತ್ತು ಶೇಫೆಲ್ ಇದಕ್ಕೊಂದು ಬಾಲಂಗೋಚಿ ಸೇರಿಸಿದರು. ಬೆನ್ನೆಲುಬಿರುವ ಪ್ರಾಣಿಗಳ ಕಣ್ಣಿನ ಮಸೂರ ಸಾಮಾನ್ಯವಾಗಿ ಬೆಳಕನ್ನು ಒಟ್ಟುಗೂಡಿಸುತ್ತದೆ, ಗೋಸುಂಬೆಯದು ಚದುರಿಸುತ್ತದೆ. ಕಾರ್ನಿಯಾ ಒಟ್ಟುಗೂಡಿಸಿದ್ದನ್ನು ಮಸೂರ ಕೊಂಚ ಚದುರಿಸುವುದರಿಂದ ಅಕ್ಷಿಪಟದ ಮೇಲೆ ಬೀಳುವ ಬಿಂಬ ದೊಡ್ಡದಾಗುತ್ತದೆ. ದೂರದ ಹುಲಿಯನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸಿನ ತಂತ್ರವೂ ಇದೇ.

ಅಳತೆಯಾಯಿತು, ಇನ್ನು ನಾಲಗೆ.

ಗೋಸುಂಬೆಯ ನಾಲಗೆ ಬಾಲ ಬಿಟ್ಟು ಅಳೆದ ಮೈಯುದ್ದದ ಒಂದೂವರೆ, ಎರಡು ಪಟ್ಟು ದೂರ ಚಾಚುತ್ತದೆ. ಇಷ್ಟುದ್ದದ ನಾಲಗೆ ಇಷ್ಟು ಬೇಗ ಹೊರಬರಲು ಬರಿಯ ಸ್ನಾಯುವಿನ ಬಲ ಸಾಲದು. ನೆದರ್‌ಲ್ಯಾಂಡ್ಸ್‌ನ ಡಿ ಗ್ರೂಟ್ ಮತ್ತು ವಾನ್ ಲ್ಯೂವೆನ್ 2004ರಲ್ಲಿ ಇದರ ಮರ್ಮ ಬಿಡಿಸಿದರು. ನಾಲಗೆಯ ನಡುವೆ ಒಂದು ಚೂಪು ಮೂಳೆಯಿದೆ, ಅದರ ಸುತ್ತ ಕೊಳವೆಯಾಕಾರದ ಸ್ನಾಯು. ಮೂಳೆಗೂ ಸ್ನಾಯುವಿಗೂ ನಡುವೆ ಕೊಲಾಜೆನ್‌ನ ಪದರಗಳು ಒಂದರೊಳಗೊಂದು ಸೇರಿಕೊಂಡಿವೆ. ಗೋಸುಂಬೆ ಬಾಯಿ ತುಸು ತೆರೆದು ನಾಲಗೆಯ ತುದಿಯನ್ನು ಹೊರಗಿಟ್ಟು ಕಾಯುವ ಆ ಗಳಿಗೆಯಲ್ಲಿ ಸ್ನಾಯು ಹಿಂಡುತ್ತಾ ಈ ಪದರಗಳನ್ನು ಜಗ್ಗಿ ಇಡುತ್ತದೆ. ಹಿಂಡಿದ ಸ್ನಾಯು ಮೂಳೆಯ ಮೊನೆಯನ್ನು ದಾಟಿದ್ದೇ ತಡ, ಒದ್ದೆ ಹುಣಸೆಬೀಜ ಬೆರಳುಗಳ ನಡುವಿನಿಂದ ಚಿಮ್ಮುವಂತೆ ನಾಲಗೆ ಚಿಮ್ಮುತ್ತದೆ. ಪದರಗಳಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಖರ್ಚು.

ಎಷ್ಟು ವೇಗ? ಅಮೆರಿಕದ ಕ್ರಿಸ್ಟೋಫರ್ ಆ್ಯಂಡರ್ಸನ್ 20 ಜಾತಿಯ ಗೋಸುಂಬೆಗಳ ಊಟವನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2016ರಲ್ಲಿ ಲೆಕ್ಕ ಕೊಟ್ಟರು. ಗೆದ್ದದ್ದು ದೈತ್ಯರಲ್ಲ, ಆಫ್ರಿಕದ ಒಂದು ಪುಟಾಣಿ ಜಾತಿ. ಅದರ ನಾಲಗೆಯ ವೇಗೋತ್ಕರ್ಷ ಗುರುತ್ವದ 264 ಪಟ್ಟು! ಮೈ ಚಿಕ್ಕದಾದಷ್ಟೂ ಹೊಟ್ಟೆಯ ಹಸಿವು ತೂಕಕ್ಕೆ ಹೋಲಿಸಿದರೆ ಹೆಚ್ಚು. ಹಾಗಾಗಿ ಸಣ್ಣವುಗಳ ಬಾಯೊಳಗೆ ಮೈಯಳತೆಗೆ ಮೀರಿದ ನಾಲಗೆಯ ಸರಂಜಾಮಿದೆ.

ತಗುಲಿದ ಹುಳು ಅಂಟಿಕೊಳ್ಳುವುದು ಹೇಗೆ ಎಂಬುದರ ಬಗ್ಗೆಯೂ ಬಹಳ ಚರ್ಚೆಯಿತ್ತು. ನಾಲಗೆಯ ತುದಿ ಬಟ್ಟಲಾಗಿ ಹೀರಿ ಹಿಡಿಯುತ್ತದೆ ಎಂದು ಕೆಲವರು, ಒರಟು ಮೇಲ್ಮೈ ಕಚ್ಚಿಕೊಳ್ಳುತ್ತದೆ ಎಂದು ಕೆಲವರು. 2016ರಲ್ಲೇ ಬೆಲ್ಜಿಯಂ ಮತ್ತು ಫ್ರಾನ್ಸಿನ ತಂಡವೊಂದು ಗೋಸುಂಬೆ ನಾಲಗೆಯಿಂದ ಹೊಡೆದ ಗಾಜಿನ ಮೇಲೆ ಉಳಿದ ಲೋಳೆಯನ್ನು ಪರೀಕ್ಷಿಸಿತು. ಆ ಲೋಳೆ ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಗಟ್ಟಿ. ನಾಲಗೆ ರಭಸದಿಂದ ಹಿಂದೆ ಸರಿಯುವಾಗ ಈ ಲೋಳೆಯೇ ಬೇಟೆಯನ್ನು ಬಿಡದೆ ಎಳೆದು ತರುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ಭಾರದ ಬೇಟೆಯೂ ಹೀಗೆ ಬಾಯಿಗೆ ಬೀಳಬಲ್ಲದು.

ಬೆಂಗಳೂರಿನ ಡಿಸೆಂಬರ್ ಮುಂಜಾನೆಗೆ ಒಪ್ಪುವ ಇನ್ನೊಂದು ಸ್ವಾರಸ್ಯವಿದೆ. ಹಲ್ಲಿಗಳ ಜಾತಿಗೆ ಚಳಿಯೆಂದರೆ ಜಡತ್ವ, ಸ್ನಾಯುಗಳು ಮಂದವಾಗುತ್ತವೆ. ಆ್ಯಂಡರ್ಸನ್ ಮತ್ತು ಡೆಬನ್ 2010ರಲ್ಲಿ ಇದೇ ಯೆಮನ್ ಗೋಸುಂಬೆಯನ್ನು 15ರಿಂದ 35 ಡಿಗ್ರಿ ಉಷ್ಣತೆಗಳಲ್ಲಿ ಪರೀಕ್ಷಿಸಿದರು. 10 ಡಿಗ್ರಿ ಇಳಿದಾಗ ನಾಲಗೆಯನ್ನು ಹಿಂದಕ್ಕೆಳೆಯುವ ಬಲ ಶೇ. 42ಕ್ಕಿಂತ ಹೆಚ್ಚು ಕುಸಿಯಿತು. ಮುಂದಕ್ಕೆ ಚಿಮ್ಮುವ ಚುರುಕು ಕಡಿಮೆಯಾದದ್ದು ಶೇ. 10ರಿಂದ 19 ಮಾತ್ರ. ಎಳೆಯುವುದು ಸ್ನಾಯುವಿನ ಕೆಲಸ, ಚಿಮ್ಮಿಸುವುದು ಜಗ್ಗಿಟ್ಟ ಪದರಗಳ ಕೆಲಸ. ಪದರಗಳಿಗೆ ಚಳಿಯ ಹಂಗಿಲ್ಲ. ಉಳಿದ ಹಲ್ಲಿಗಳು ಬಿಸಿಲಿಗೆ ಮೈಯೊಡ್ಡಿ ಕಾಯುತ್ತಿರುವಾಗಲೇ ಗೋಸುಂಬೆ ನಾಷ್ಟಾ ಮುಗಿಸಬಲ್ಲದು.

ಇಂಥ ಯಂತ್ರವನ್ನು ಸಾಕಿಕೊಂಡವರು ಅದಕ್ಕೆ ಹಾಕುವ ಇಂಧನವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹುಳು ಹುಳುವೇ ತಾನೇ ಎಂಬ ಉಡಾಫೆ! ಮೂಳೆಗೆ ಬೇಕಾದ್ದು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ. ಆಹಾರದಲ್ಲಿ ಅದು ರಂಜಕಕ್ಕೆ ಸಮನಾಗಿಯೋ ತುಸು ಹೆಚ್ಚಾಗಿಯೋ ಇರಬೇಕು. ಹುಳುಗಳಿಗೆ ಮೂಳೆಯೇ ಇಲ್ಲದ್ದರಿಂದ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಸಾಕುಹುಳುಗಳ ಪೋಷಕಾಂಶಗಳನ್ನು ಅಳೆದ ಮಾರ್ಕ್ ಫಿಂಕೆಯವರ ಲೆಕ್ಕ ನೋಡಿ: ಒಂದು ಕಿಲೋ ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂ ಸುಮಾರು 400 ಮಿಲಿಗ್ರಾಂ, ರಂಜಕ ಸುಮಾರು 2,950. ಮೀಲ್‌ವರ್ಮ್ ಎಂದು ಮಾರುವ ಹಳದಿ ಹುಳುವಿನಲ್ಲಿ 170ಕ್ಕೆ 2,850. ಚಿಕ್ಕಪೇಟೆಯ ಸೀರೆ ಅಂಗಡಿಗಳನ್ನೆಲ್ಲ ಸಾಕುವ ರೇಷ್ಮೆಹುಳುವೂ ಮೆತ್ತಗೆ, ರಸಭರಿತವಾಗಿದ್ದರೂ ಈ ಲೆಕ್ಕದಲ್ಲಿ ಬಡವನೇ. ಸಾಲಿನಲ್ಲಿ ಎದ್ದು ಕಾಣುವುದು ಹಸಿಕಸ ಕರಗಿಸಲು ಅಲ್ಲಲ್ಲಿ ಸಾಕುವ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳು. ಅದರ ಚರ್ಮದಲ್ಲೇ ಸುಣ್ಣ ತುಂಬಿದ್ದು, ಕಿಲೋಗೆ 9,000 ಮಿಲಿಗ್ರಾಂ ದಾಟುತ್ತದೆ.

ಕ್ಯಾಲ್ಸಿಯಂ ಕಡಿಮೆಯಾದ ಗೋಸುಂಬೆಯ ದವಡೆ ಮೆತ್ತಗಾಗುತ್ತದೆ, ಕಾಲುಗಳು ಡೊಂಕಾಗುತ್ತವೆ. ಸ್ನಾಯುಗಳು ಸರಿಯಾಗಿ ದುಡಿಯಲೂ ಕ್ಯಾಲ್ಸಿಯಂ ಬೇಕಾದ್ದರಿಂದ ನಾಲಗೆ ಗುರಿ ಮುಟ್ಟದೆ ಅರ್ಧಕ್ಕೇ ಬೀಳುತ್ತದೆ, ಕೆಲವೊಮ್ಮೆ ಒಳಕ್ಕೆ ಹೋಗದೆ ಹೊರಗೇ ಜೋಲುತ್ತದೆ. 264 ಪಟ್ಟು ಗುರುತ್ವದ ವಂಶಜ ಕಣ್ಣೆದುರಿನ ಹುಳುವನ್ನು ಹಿಡಿಯಲಾರದೆ ಉಪವಾಸ ಬೀಳುತ್ತದೆ.

ಇದಕ್ಕೆ ಬಲ್ಲವರು ಮಾಡುವ ಉಪಾಯ ಸರಳ. ಹುಳುವಿನ ಮೇಲೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿ ಉದುರಿಸುತ್ತಾರೆ. ಅದಕ್ಕೂ ಒಂದೆರಡು ದಿನ ಮೊದಲೇ ಹುಳುವಿಗೆ ಹೊಟ್ಟೆ ಬಿರಿಯುವಷ್ಟು ಒಳ್ಳೆಯ ಊಟ ಹಾಕುತ್ತಾರೆ. ಅವೆನ್ಯೂ ರಸ್ತೆಯ ತುದಿಯಲ್ಲೇ ಕೆ.ಆರ್. ಮಾರುಕಟ್ಟೆಯಿದೆ; ಅಲ್ಲಿನ ನುಗ್ಗೆಸೊಪ್ಪು, ಕ್ಯಾರೆಟ್, ಕುಂಬಳಕಾಯಿಯನ್ನು ಚೆನ್ನಾಗಿ ತೊಳೆದು ಹಾಕಿದರೆ ಕ್ರಿಕೆಟ್ ಹುಳುಗಳು ಸಂತೋಷದಿಂದ ಮೆಲ್ಲುತ್ತವೆ. ಗೋಸುಂಬೆ ನುಂಗುವುದು ಹುಳುವನ್ನಷ್ಟೇ ಅಲ್ಲ, ಹುಳುವಿನ ಹೊಟ್ಟೆಯಲ್ಲಿರುವ ಸೊಪ್ಪನ್ನೂ.

ಅಟ್ಟದ ಜಿರಳೆ ಬೇಡವೆನ್ನುವುದೂ ಇದಕ್ಕೇ. ಹಳೆಯ ಪುಸ್ತಕದ ರಟ್ಟು, ಗೋಂದು ತಿಂದು ಬೆಳೆದ ಜಿರಳೆಯಲ್ಲಿ ಗೋಸುಂಬೆಗೆ ದಕ್ಕುವುದು ಅಷ್ಟರಲ್ಲೇ ಇದೆ. ಅದಕ್ಕಿಂತ ಕೆಟ್ಟದ್ದೆಂದರೆ, ಪುಸ್ತಕ ಉಳಿಸಿಕೊಳ್ಳಲು ಅಂಗಡಿಯವರು ಮೂಲೆಮೂಲೆಗೆ ಹೊಡೆಯುವ ಕೀಟನಾಶಕ. ಅದನ್ನು ತುಳಿದೂ ಸಾಯದೆ ಅಡ್ಡಾಡುವ ಜಿರಳೆಯ ಜೊತೆ ವಿಷವೂ ಗೋಸುಂಬೆಯ ಹೊಟ್ಟೆ ಸೇರುತ್ತದೆ. ಬೆಳ್ಳಿಹುಳಕ್ಕೂ ಇದೇ ಮಾತು. ಮಿಂಚುಹುಳುವನ್ನಂತೂ ಹತ್ತಿರ ತರಲೇಬಾರದು. ಅಮೆರಿಕದ ಮಿಂಚುಹುಳುಗಳಲ್ಲಿ ಕಪ್ಪೆವಿಷವನ್ನು ಹೋಲುವ ರಾಸಾಯನಿಕವಿದೆ. ಒಂದೇ ಒಂದು ಹುಳು ತಿಂದು ಸಾಕುಹಲ್ಲಿಗಳು ಸತ್ತದ್ದನ್ನು ಥಾಮಸ್ ಐಸ್ನರ್ ಇದ್ದ ತಂಡ 1999ರಲ್ಲಿ ದಾಖಲಿಸಿತು.

ಪುಡಿ ಹಾಕಿದರೆ ಮುಗಿಯಲಿಲ್ಲ. ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಅದಕ್ಕೆ ಬಿಸಿಲಿನ ಅತಿನೇರಳೆ ಕಿರಣ ಬೇಕು. ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಗಳನ್ನು ಗಮನಿಸಿದ ಅಮೆರಿಕದ ಸಂಶೋಧಕರಿಗೆ 2009ರಲ್ಲಿ ಕಂಡದ್ದು ಬೆರಗಿನ ಸಂಗತಿ: ಊಟದಲ್ಲಿ ಡಿ3 ಕಡಿಮೆಯಿದ್ದ ಪ್ರಾಣಿಗಳು ತಾವಾಗಿಯೇ ಹೆಚ್ಚು ಅತಿನೇರಳೆ ಬೆಳಕಿಗೆ ಮೈಯೊಡ್ಡಿದವು, ಸಾಕಷ್ಟಿದ್ದವು ಕಡಿಮೆ ಒಡ್ಡಿದವು. ಪ್ರಾಣಿಗೆ ಇಷ್ಟು ಬುದ್ಧಿಯಿದ್ದರೂ ಸಾಕಿದವರು ಗೂಡನ್ನು ಕಿಟಕಿಯ ಗಾಜಿನ ಹಿಂದಿಟ್ಟು ‘ಬಿಸಿಲು ಬೀಳುತ್ತಿದೆಯಲ್ಲ’ ಎನ್ನುತ್ತಾರೆ. ಬೇಕಾದ ಕಿರಣವನ್ನು ಗಾಜು ಒಳಗೆ ಬಿಡುವುದೇ ಇಲ್ಲ. ನೀರನ್ನು ಬಟ್ಟಲಲ್ಲಿಟ್ಟರೂ ಅಷ್ಟೇ, ಎಲೆಯ ಮೇಲಿನ ಹನಿಯೇ ಅದಕ್ಕೆ ಕುಡಿಯುವ ನೀರು. ರಾತ್ರಿ ಗೂಡಿನಲ್ಲಿ ಕ್ರಿಕೆಟ್ ಹುಳು ಉಳಿದರೆ, ಮಲಗಿದ ಗೋಸುಂಬೆಯನ್ನೇ ಅವು ಕಚ್ಚುತ್ತವೆ.

ಬಣ್ಣದ ವಿಷಯಕ್ಕೂ ಒಂದು ಗದರಿಕೆ ಬಾಕಿಯಿದೆ. ಗೋಸುಂಬೆ ಕೂತ ಬಟ್ಟೆಯ ಬಣ್ಣಕ್ಕೆ ತಿರುಗುತ್ತದೆಂಬ ನಂಬಿಕೆ ಇನ್ನೂ ಹೋಗಿಲ್ಲ. ಬಣ್ಣ ಬದಲಾಗುವುದು ಬಹುಮಟ್ಟಿಗೆ ಸಿಟ್ಟು, ಸರಸ, ಸೋಲು, ಚಳಿಗಳಿಂದ. ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿರುವ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ ಬಣ್ಣ ಮಾರ್ಪಡುತ್ತದೆಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಉದಾಹರಣೆಗೆ ಅಷ್ಟು ದೂರ ಹೋಗಬೇಕಿಲ್ಲ. ಬಂಡೆಗಳ ಮೇಲೆ ಬಸ್ಕಿ ಹೊಡೆಯುವ ಗಂಡು ಓತಿಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮಾರಿಯಾ ಥಾಕರ್ ಅಧ್ಯಯನ ಮಾಡಿದ್ದಾರೆ. ಹೆಣ್ಣು ಎದುರಾದರೆ ಅವುಗಳ ಬೆನ್ನು ಕೆಂಪು, ಪಕ್ಕೆ ಕಪ್ಪು. ಎದುರಾದದ್ದು ಇನ್ನೊಂದು ಗಂಡಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬಂಡೆಯ ಬಣ್ಣ ಅದೇ ಇದ್ದರೂ ಓತಿಯದು ಬದಲಾಯಿತಲ್ಲ!

ಗೋಸುಂಬೆ ಕಚ್ಚಿದರೆ ವಿಷವೇರುತ್ತದೆ, ಓತಿಕ್ಯಾತ ದೂರದಿಂದಲೇ ರಕ್ತ ಹೀರುತ್ತದೆ ಎಂಬ ಮಾತುಗಳು ಶುದ್ಧ ಸುಳ್ಳು. ಎರಡಕ್ಕೂ ವಿಷವಿಲ್ಲ. ಇಂಥ ಮಾತು ನಂಬಿ ಕಲ್ಲು ಬೀರುವ ಹುಡುಗರಿಗಿಂತ, ಅದನ್ನು ಹೇಳಿಕೊಟ್ಟ ಹಿರಿಯರಿಗೆ ಬುದ್ಧಿ ಹೇಳಬೇಕು.

ತಂಗಿಯ ಮಗನಿಗೂ ಒಂದು ಮಾತು. ಯೆಮನ್ ಗೋಸುಂಬೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಕಳ್ಳದಾರಿಯ ಸಾಗಣೆ ಎಷ್ಟು ಕ್ರೂರವೆಂದು ತಿಳಿಯಲು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು 2023ರ ಆಗಸ್ಟ್‌ನಲ್ಲಿ ತೆರೆದ ಒಂದು ಟ್ರಾಲಿ ಬ್ಯಾಗ್ ಸಾಕು. ಬ್ಯಾಂಕಾಕ್‌ನಿಂದ ಬಂದ ಅದರಲ್ಲಿ 234 ಪ್ರಾಣಿಗಳಿದ್ದವು: ಹೆಬ್ಬಾವು, ಆಮೆ, ಇಗುವಾನ, ಗೋಸುಂಬೆ, ಜೊತೆಗೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿ.

ನಮ್ಮದೇ ಹಸಿರು ಗೋಸುಂಬೆಯನ್ನು ಸಾಕುವ ಮಾತೇ ಇಲ್ಲ. ಅದು 1972ರ ಕಾಯ್ದೆಯಡಿ ಅಪರಾಧ. ಕೋಲಾರ, ತುಮಕೂರು ಕಡೆಯ ಕುರುಚಲಿನಲ್ಲಿ ಅದಕ್ಕೆ ಬಗೆಬಗೆಯ ಗಿಡ ತಿಂದ ಬಗೆಬಗೆಯ ಮಿಡತೆ, ನೊಣ, ಸೂರ್ಯನ ಕುದುರೆಗಳು ಸಿಗುತ್ತವೆ. ಪುಡಿಯ ಡಬ್ಬಿಯೂ ದೀಪವೂ ಬೇಡ. ರಸ್ತೆ ದಾಟುವಾಗ ಎದುರಾದರೆ ವಾಹನ ನಿಲ್ಲಿಸಿ ಒಂದು ಕೋಲು ಚಾಚಿ. ಹತ್ತಿಕೊಂಡರೆ ಅದು ಹೊರಟಿದ್ದ ದಿಕ್ಕಿನ ಪೊದೆಗೇ ಬಿಡಬೇಕು. ಗಾಯವಾಗಿದ್ದರೆ ಮನೆಗೆ ತಂದು ಮಿಡತೆ ತಿನ್ನಿಸಲು ಕೂರದೆ ಅರಣ್ಯ ಇಲಾಖೆಗೋ, ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಗೋ ತಿಳಿಸುವುದು.