ಕೊನೆಯ ಮಹಡಿಯ ಬಿಸಿ ಲೆಕ್ಕ

ಹೈದರಾಬಾದಿಗೆ ಕೆಲಸಕ್ಕೆಂದು ಬಂದ ನಮ್ಮಂಥ ಅನೇಕರಿಗೆ ಸಿಗುವುದು ಕೊನೆಯ ಮಹಡಿಯ ಫ್ಲ್ಯಾಟ್. ಬಾಡಿಗೆ ಒಂದೆರಡು ಸಾವಿರ ಕಡಿಮೆ, ಗಾಳಿ–ಬೆಳಕಿಗೆ ಕೊರತೆಯಿಲ್ಲ, ತಲೆಯ ಮೇಲೆ ಯಾರ ಕಾಲ್ಸಪ್ಪಳವೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಮನೆ ನೋಡಿದವರಿಗೆ ಇದೆಲ್ಲ ಲಾಭವೇ. ಮಾರ್ಚ್ ಮುಗಿಯುವ ಹೊತ್ತಿಗೆ ಮೇಲಿನ ಮನೆಯವನು ಯಾರೆಂದು ಗೊತ್ತಾಗುತ್ತದೆ: ಸೂರ್ಯ!

ಮಧ್ಯಾಹ್ನದ ಬಿಸಿಲು ಎಲ್ಲರಿಗೂ ಒಂದೇ. ಕೊನೆಯ ಮಹಡಿಯವರ ಕಷ್ಟ ಶುರುವಾಗುವುದು ಸಂಜೆ. ಆರು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಬಿಸಿಲಿನ ಶಾಖವನ್ನು ಹೀರಿಕೊಂಡು ನಾಲ್ಕೈದು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಸೀಲಿಂಗ್ ಹೆಂಚಿನಂತೆ ಕಾದಿರುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿ ಗಾಳಿ ಮೈಮೇಲೆ ಬರುತ್ತದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೆಳೆದವರಿಗೆ ಇದು ಹೊಸದು. ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಅಲ್ಲಿನ ಮಣ್ಣಿನ ಮಾಳಿಗೆ ಮನೆಗಳು ಇದಕ್ಕೆಂದೇ ದಪ್ಪಗೆ ಕಟ್ಟಿದವು. ಮಲೆನಾಡು–ಕರಾವಳಿಯ ಹಂಚಿನ ಮನೆಯಲ್ಲಿ ಅಟ್ಟದ ಗಾಳಿಯೇ ಬಿಸಿಯನ್ನು ತಡೆಯುತ್ತದೆ. ನಮ್ಮ ಫ್ಲ್ಯಾಟಿನಲ್ಲಿ ಬಿಸಿಲಿಗೂ ಹಾಸಿಗೆಗೂ ನಡುವೆ ಇರುವುದು ಒಂದು ಬರಿಯ ಸ್ಲ್ಯಾಬ್.

ಎಲ್ಲಿ ತಡೆಯಬೇಕು?

ಅಮೆರಿಕದಲ್ಲಿರುವ ನನ್ನ ಅಣ್ಣ ಗ್ಯಾರೇಜ್ ಬಾಗಿಲಿಗೆ ಥರ್ಮಾಕೋಲ್‌ನಂಥ ಹಾಳೆ ಅಂಟಿಸಬೇಕೇ ಬೇಡವೇ ಎಂದು ಯೋಚಿಸುತ್ತಿದ್ದ. ಗ್ಯಾರೇಜನ್ನು ಅವನು ಬೆಚ್ಚಗೂ ಇಡುವುದಿಲ್ಲ, ತಂಪಾಗಿಯೂ ಇಡುವುದಿಲ್ಲ. ಹಾಗಿದ್ದಾಗ ಬಾಗಿಲು ಮುಚ್ಚಿ ಉಳಿಯುವ ಕರೆಂಟ್ ಅಲ್ಪ. ಅದೇ ಹಣವನ್ನು ಗ್ಯಾರೇಜಿಗೂ ಮನೆಗೂ ನಡುವಿನ ಗೋಡೆಗೆ, ಅಥವಾ ಗ್ಯಾರೇಜಿನ ಮೇಲೆ ಮಲಗುವ ಕೋಣೆಯಿದ್ದರೆ ಅದರ ನೆಲಕ್ಕೆ ಹಾಕಿದರೆ ಫಲ ಹೆಚ್ಚು. ನಾವು ದುಡ್ಡು ಕೊಟ್ಟು ತಂಪು ಮಾಡುವ ಜಾಗ ಯಾವುದೋ ಅದರ ಗಡಿಯನ್ನು ಕಾಯಬೇಕು.

ನಮಗೂ ಇದೇ ಸೂತ್ರ. ಇಡೀ ತಾರಸಿಗೆ ಖರ್ಚು ಮಾಡಬೇಕಿಲ್ಲ. ಎ.ಸಿ. ಇರುವ ಕೋಣೆಯ ಮೇಲಿನ ಭಾಗ, ಅದರ ಸುತ್ತ ಎರಡಡಿ, ಇಷ್ಟಕ್ಕೆ ಮೊದಲ ಗಮನ.

ಅದಕ್ಕೂ ಮುಂಚೆ ಅಳತೆ. ಪ್ರೋಗ್ರಾಂ ನಿಧಾನವಾದರೆ ಎಲ್ಲಿ ನಿಧಾನವಾಗಿದೆ ಎಂದು ಅಳೆಯದೆ ನಾವು ಕೋಡ್ ಮುಟ್ಟುವುದಿಲ್ಲವಲ್ಲ, ಹಾಗೆಯೇ. ದೂರದಿಂದ ತೋರಿಸಿದರೆ ಉಷ್ಣತೆ ಹೇಳುವ ಇನ್‌ಫ್ರಾರೆಡ್ ಥರ್ಮಾಮೀಟರ್ ಆನ್‌ಲೈನಿನಲ್ಲಿ ಸುಮಾರು ಸಾವಿರ ರೂಪಾಯಿಗೆ ಸಿಗುತ್ತದೆ. ರಾತ್ರಿ 9 ಗಂಟೆಗೆ ಸೀಲಿಂಗಿಗೂ ನಾಲ್ಕು ಗೋಡೆಗಳಿಗೂ ತೋರಿಸಿ ನೋಡಿ. ನಮ್ಮ ಮನೆಯಲ್ಲಿ ಕಳೆದ ಏಪ್ರಿಲಿನಲ್ಲಿ ಸೀಲಿಂಗ್ 39 ಡಿಗ್ರಿ, ಒಳಗೋಡೆ 34. ಕಳ್ಳ ಸಿಕ್ಕಿಬಿದ್ದ. ಪಶ್ಚಿಮದ ಗೋಡೆಯೇ ಹೆಚ್ಚು ಬಿಸಿಯಾಗಿದ್ದರೆ ತಾರಸಿಗೆ ಬಣ್ಣ ಹೊಡೆದು ಹೆಚ್ಚು ಪ್ರಯೋಜನವಿಲ್ಲ. ಆಗ ಕಿಟಕಿಗೆ ಹೊರಗಿನಿಂದ ನೆರಳು ಬೇಕು.

ಮೂರು ದಾರಿ

ಮೊದಲನೆಯದು ಸುಣ್ಣ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಸಲ ಬಳಿಯುವುದು. ಕೂಲಿ ಸೇರಿ ಚದರ ಅಡಿಗೆ 4–5 ರೂಪಾಯಿ. ಮಳೆಗಾಲ ಕಳೆದರೆ ಬಹುಪಾಲು ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು.

ಎರಡನೆಯದು ಕೂಲ್ ರೂಫ್ ಪೇಂಟ್. ನಮ್ಮ ಬಡಾವಣೆಯಲ್ಲಿ ಕೇಳಿದ ದರ ಕೂಲಿ ಸೇರಿ ಚದರ ಅಡಿಗೆ ಸುಮಾರು 30 ರೂಪಾಯಿ. ಡಬ್ಬದ ಮೇಲೆ ಎಸ್‌ಆರ್‌ಐ ಎಂಬ ಅಂಕಿ ನೋಡಿ. ಮಾದರಿ ಕಪ್ಪಿಗೆ 0, ಮಾದರಿ ಬಿಳಿಗೆ 100 ಎಂದು ಇಟ್ಟುಕೊಂಡ ಅಳತೆ ಅದು. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಫಳಫಳ ಹೊಳೆದರೂ ಬಿಳಿಯಷ್ಟು ತಂಪಲ್ಲ. ಬಿಸಿಲನ್ನು ಹಿಂದೆ ತಳ್ಳುತ್ತದೆ, ಆದರೆ ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಬಿಡುವುದರಲ್ಲಿ ಜಿಪುಣ. ಬಿಳಿ ತಾರಸಿಗೆ ಶತ್ರು ಧೂಳು. ಬೇಸಿಗೆಯಲ್ಲಿ ಒಂದೆರಡು ಸಲವಾದರೂ ತೊಳೆಯದಿದ್ದರೆ ಅರ್ಧ ಗುಣ ಹೋದಂತೆ.

ಮೂರನೆಯದು ನಿಜವಾದ ಇನ್ಸುಲೇಷನ್. ಎರಡು ಇಂಚು ದಪ್ಪದ ಎಕ್ಸ್‌ಪಿಎಸ್ ಹಲಗೆ ಹಾಸಿ, ಮೇಲೆ ಕಾಂಕ್ರೀಟ್, ಟೈಲ್ಸ್ ಹಾಕುವುದು. ಎಲ್ಲ ಸೇರಿ ಚದರ ಅಡಿಗೆ 180 ರೂಪಾಯಿ ಎಂದರು. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ, ಒಂದು ಚದರ ಮೀಟರ್ ಸೂರಿನ ಮೂಲಕ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಒಳಬರಬಾರದು ಎನ್ನುತ್ತದೆ. ಬರಿಯ ಸ್ಲ್ಯಾಬಿಗೆ ಆ ಅಂಕಿ ಸುಮಾರು 3. ಎರಡು ಇಂಚು ಎಕ್ಸ್‌ಪಿಎಸ್ ಹಾಕಿದರೆ 0.5ಕ್ಕೆ ಇಳಿಯುತ್ತದೆ, ಅಂದರೆ ಆರನೇ ಒಂದು ಭಾಗ.

ಈಗ ರೂಪಾಯಿ ಲೆಕ್ಕ

ಎರಡು ಬೆಡ್‌ರೂಮ್, ಒಂದೊಂದೂ 12x10 ಅಡಿ. ರಾತ್ರಿ ಎಂಟು ಗಂಟೆ ಎರಡರಲ್ಲೂ ಎ.ಸಿ., ವರ್ಕ್ ಫ್ರಂ ಹೋಂ ಇರುವ ದಿನ ಹಗಲಿಗೂ ಒಂದರಲ್ಲಿ ಎ.ಸಿ. ಸುಮಾರು 100 ರಾತ್ರಿ, 70 ಹಗಲು. ಸೂರಿನಿಂದ ಇಳಿಯುವ ಶಾಖವನ್ನು ಹೊರಹಾಕಲು ಮಾತ್ರ ಎ.ಸಿ.ಗಳು ನುಂಗುವುದು, ನನ್ನ ಅಂದಾಜಿನಲ್ಲಿ, ರಾತ್ರಿಗೆ ಎರಡೂವರೆ ಯೂನಿಟ್, ಹಗಲಿಗೆ ಎರಡು. ಅಂದರೆ ಒಂದು ಬೇಸಿಗೆಗೆ 390 ಯೂನಿಟ್. ತಿಂಗಳ ಬಳಕೆ 300 ಯೂನಿಟ್ ದಾಟಿದ ಮೇಲೆ ಇಲ್ಲಿ ಯೂನಿಟ್‌ಗೆ ಸುಮಾರು 9 ರೂಪಾಯಿ. ಉಳಿತಾಯವಾಗುವುದು ಆ ದುಬಾರಿ ಯೂನಿಟ್ಟೇ ಎಂಬುದನ್ನು ಗಮನಿಸಿ.

ಎರಡು ಕೋಣೆಗಳ ಮೇಲೆ, ಸುತ್ತಲಿನ ಅಂಚೂ ಸೇರಿ, 300 ಚದರ ಅಡಿ ಎನ್ನಿ. ಬಿಳಿ ಪೇಂಟ್ ಅರ್ಧ ಶಾಖ ತಡೆದರೆ ವರ್ಷಕ್ಕೆ 1,750 ರೂಪಾಯಿ ಉಳಿಯುತ್ತದೆ. ಖರ್ಚು 9,000. ದುಡ್ಡು ಮರಳಲು ಐದು ವರ್ಷ ಬೇಕು, ಪೇಂಟಿನ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ. ಸುಣ್ಣಕ್ಕೆ 1,500 ರೂಪಾಯಿ, ಅದೇ ಬೇಸಿಗೆಯಲ್ಲಿ ಸರಿಹೋಗುತ್ತದೆ. ಎಕ್ಸ್‌ಪಿಎಸ್‌ಗೆ 54,000. ವರ್ಷಕ್ಕೆ 3,000 ಉಳಿದರೂ ಹದಿನೆಂಟು ವರ್ಷ. ಆದರೆ ಸೋರಿಕೆಗೆಂದು ಹೇಗೂ ತಾರಸಿಯನ್ನು ಅಗೆದು ವಾಟರ್‌ಪ್ರೂಫಿಂಗ್ ಮಾಡಿಸುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಆಗ ಹೆಚ್ಚುವರಿ ಖರ್ಚು ಹಲಗೆಯದು ಮಾತ್ರ, ಸುಮಾರು 20,000. ಏಳು ವರ್ಷದಲ್ಲಿ ಮರಳುತ್ತದೆ, ಆಮೇಲೂ ಬಹಳ ವರ್ಷ ಬಾಳುತ್ತದೆ.

ಹಾಗಾಗಿ “ಕರೆಂಟ್ ಬಿಲ್ ಅರ್ಧ” ಎಂಬ ಜಾಹೀರಾತನ್ನು ನಂಬಬೇಡಿ. ಕಿಟಕಿ, ಗೋಡೆ, ಮನುಷ್ಯರ ಮೈ, ತೇವ ಇವುಗಳ ಪಾಲನ್ನು ತಾರಸಿಯ ಪೇಂಟ್ ತೆಗೆಯಲಾರದು.

ಊರಿಗೊಂದು ಲೆಕ್ಕ

ಚೆನ್ನೈ–ಮುಂಬೈಯವರ ಎ.ಸಿ. ಗಾಳಿಯ ತೇವ ಹಿಂಡುವುದಕ್ಕೇ ಬಹಳ ದುಡಿಯುತ್ತದೆ, ಅಲ್ಲಿ ಬಿಲ್ಲಿನಲ್ಲಿ ಸೂರಿನ ಪಾಲು ಕಡಿಮೆ. ಪುಣೆಯ ರಾತ್ರಿ ತಂಪು, ಸುಣ್ಣ ಬಳಿದು ಕಿಟಕಿ ತೆರೆದಿಟ್ಟರೆ ಹಲವರಿಗೆ ಎ.ಸಿ.ಯೇ ಬೇಡವಾದೀತು. ದೆಹಲಿಯವರಿಗೆ ಬಿಳಿ ತಾರಸಿ ಚಳಿಗಾಲದಲ್ಲಿ ಬೇಕಾದ ಬಿಸಿಲನ್ನೂ ಓಡಿಸುತ್ತದೆ, ಇನ್ಸುಲೇಷನ್ ಎರಡೂ ಕಾಲಕ್ಕೆ ಒದಗುತ್ತದೆ. ತೆಲಂಗಾಣದಲ್ಲಿ 2023ರ ಏಪ್ರಿಲಿನಲ್ಲಿ ಕೂಲ್ ರೂಫ್ ನೀತಿ ಬಂತು. ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಮತ್ತು ಅದಕ್ಕೂ ದೊಡ್ಡ ನಿವೇಶನದ ಮನೆಗಳಿಗೂ ಕಡ್ಡಾಯ, ಚಿಕ್ಕವಕ್ಕೆ ಅವರವರ ಇಷ್ಟ.

ಬಾಡಿಗೆದಾರರ ತೊಡಕೇ ಬೇರೆ. ಪೇಂಟಿನ ಖರ್ಚು ಮಾಲೀಕರದ್ದು, ಉಳಿಯುವ ಬಿಲ್ ನಮ್ಮದು. ಅವರಿಗೆ ಏಕೆ ಆಸಕ್ತಿ ಇರಬೇಕು? ಅವರಿಗೆ ತಾಗುವ ಮಾತೆಂದರೆ ಸೋರಿಕೆ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿಯೇ ಸ್ಲ್ಯಾಬ್ ಬಿರುಕು ಬಿಡುವುದು. ಬಿಳಿ ತಾರಸಿ ಆ ಆಟವನ್ನು ಕಡಿಮೆ ಮಾಡುತ್ತದೆ. “ಸಾಮಾನು ನಿಮ್ಮದು, ಕೂಲಿ ನನ್ನದು” ಎಂದರೆ ಒಪ್ಪುವವರಿದ್ದಾರೆ. ಅಪಾರ್ಟ್‌ಮೆಂಟಾದರೆ ತಾರಸಿ ಎಲ್ಲರದ್ದು, ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಬಿಲ್ಲಿನಲ್ಲಿ ಕಾಣದ ಬಾಬತ್ತು

ನಮ್ಮ ಅಮ್ಮ ರಜೆಗೆ ಬಂದರೆ ಮಲಗುವುದು ಹಾಲಿನಲ್ಲಿ. ಎ.ಸಿ. ಗಾಳಿ ಮಂಡಿಗೆ ಆಗಿಬರುವುದಿಲ್ಲ. ಹಾಲಿನಲ್ಲಿ ಎ.ಸಿ.ಯೇ ಇಲ್ಲದಿರುವಾಗ ಅಲ್ಲಿ ಬಣ್ಣ ಹೊಡೆದರೆ ಒಂದು ಯೂನಿಟ್ಟೂ ಉಳಿಯುವುದಿಲ್ಲ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಆ ಜಾಗದ ಆದಾಯ ಸೊನ್ನೆ. ಆದರೆ ವಯಸ್ಸಾದವರ ಮೈಗೆ ಹಗಲಿನ ಬಿಸಿಲಿಗಿಂತ ಆರದ ರಾತ್ರಿ ಹೆಚ್ಚು ದಣಿವು ತರುತ್ತದೆ. ಹಗಲೆಲ್ಲ ಬೆಂದ ದೇಹ ಚೇತರಿಸಿಕೊಳ್ಳುವುದು ನಿದ್ದೆಯಲ್ಲೇ. ಕರೆಂಟ್ ಹೋದರೂ ಕೆಲಸ ಮಾಡುವುದು ಸೂರಿನ ಬಿಳಿ ಬಣ್ಣವೊಂದೇ. ಹೀಗಾಗಿ ನಾವು ಹಾಲಿನ ಮೇಲೂ ಬಳಿಸಿದೆವು. “ಈ ಸಲ ಫ್ಯಾನಿನ ಗಾಳಿ ಗಾಳಿಯಂಗೈತಿ” ಎಂದರು ಅಮ್ಮ.

ಮಾಡಿಸುವವರಿಗೆ ಎರಡು ಮಾತು. ಮೊದಲು ಬಿರುಕು ಮುಚ್ಚಿಸಿ, ಆಮೇಲೆ ಬಣ್ಣ. ಹಲಗೆಯ ಕೆಳಗೆ ನೀರು ನಿಂತರೆ ಹಾಕಿದ ದುಡ್ಡೂ ನೀರಾದಂತೆ. ಕೆಲಸಕ್ಕೆ ತಕ್ಕ ಕಾಲ ಜನವರಿ–ಫೆಬ್ರುವರಿ: ತಾರಸಿ ಒಣಗಿರುತ್ತದೆ, ಪೇಂಟಿನವರೂ ಬಿಡುವಾಗಿರುತ್ತಾರೆ. ಏಪ್ರಿಲಿನಲ್ಲಿ ಕೇಳಿದರೆ ಅವರು ದರವನ್ನೂ ಬಿಸಿಲಿನ ಜೊತೆಗೇ ಏರಿಸಿರುತ್ತಾರೆ.