ಫಿಂಚ್ ಮರಿಗೆ ಗುಟುಕು ಕೊಡುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ನಾನು ವಾಚನಾಲಯದ ಬೀಗ ತೆಗೆಯುವ ಹೊತ್ತಿಗೆ ಕನ್ನಮ್‌ವಾರ್ ನಗರದ ಸದಸ್ಯರೊಬ್ಬರು ತಮ್ಮ ಎಂಟು ವರ್ಷದ ಮಗಳೊಡನೆ ಬಾಗಿಲಲ್ಲೇ ಕಾದು ನಿಂತಿದ್ದರು. ಹುಡುಗಿಯ ಕೈಯಲ್ಲಿ ಒಂದು ಬೆಂಕಿಪೊಟ್ಟಣ. ಅದರೊಳಗೆ ಹತ್ತಿಯ ಮೇಲೆ ಕಡಲೆಬೀಜದಷ್ಟು ದೊಡ್ಡ ಒಂದು ಜೀವ. ಕಣ್ಣು ತೆರೆದಿಲ್ಲ. ಮೈಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ತುಪ್ಪುಳಿನ ಎಳೆ. ಅವರ ಮನೆಯ ಪಂಜರದಲ್ಲಿರುವ ಜೀಬ್ರಾ ಫಿಂಚ್ ಹಕ್ಕಿಗಳ ಮರಿಯಂತೆ. ಬೆಳಿಗ್ಗೆ ಮೊಟ್ಟೆಯೊಡೆದು ಬಂದದ್ದು, ಮಧ್ಯಾಹ್ನ ನೋಡುವಾಗ ಗೂಡಿನ ಮಡಕೆಯಿಂದ ಹೊರಗೆ ಬಿದ್ದಿತ್ತು.

"ಮಾಮಾ, ಇದಕ್ಕೆ ಹಾಲು ಹಾಕಲೇ?" ಎಂದು ಹುಡುಗಿ ಕೇಳಿದಳು.

ಹಾಕಬಾರದೆಂಬುದು ನನಗೆ ಗೊತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು ನಾನೇ ಒಂದು ಗುಬ್ಬಿ ಮರಿಯ ಬಾಯಿಗೆ ಹತ್ತಿಯ ಬತ್ತಿಯಿಂದ ಹಾಲು ಹಿಂಡಿದ್ದೆ. ಒಂದು ಗಂಟೆಯೊಳಗೆ ಅದು ಸತ್ತಿತು. ಕನಿಕರದಿಂದಲೇ ಮಾಡಿದ್ದು, ಆದರೆ ಸತ್ತದ್ದು ನನ್ನ ಕೈಯಿಂದಲೇ. ಆ ಬಳಿಕ ಹಕ್ಕಿ ಸಾಕುವವರನ್ನೂ ಪಶುವೈದ್ಯರನ್ನೂ ಕೇಳಿ, ಪುಸ್ತಕ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸದಸ್ಯರ ಪೈಕಿ ಹಲವರ ಮನೆಗಳಲ್ಲಿ ಈ ಹಕ್ಕಿಗಳಿವೆ. ಒಂದು ಕೋಣೆಯ ಮನೆಯಲ್ಲಿ ನಾಯಿಗೆ ಜಾಗವಿಲ್ಲ, ಕಿಟಕಿಯ ಬಳಿ ಒಂದು ಪಂಜರಕ್ಕೆ ಹೇಗೋ ಜಾಗವಾಗುತ್ತದೆ.

ಯಾರ ಮರಿ?

ಮರಿ ಕೈಗೆ ಬಂದೊಡನೆ ಕೇಳಬೇಕಾದ ಪ್ರಶ್ನೆ ಇದು. 1908ರಲ್ಲಿ ಇದೇ ಮುಂಬಯಿಯಲ್ಲಿ ಸಲೀಂ ಅಲಿ ಎಂಬ ಬಾಲಕನು ತಾನು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಗುರುತನ್ನು ಕಂಡು, ಇದು ಯಾವ ಹಕ್ಕಿಯೆಂದು ಕೇಳಲು ಮುಂಬಯಿ ನಿಸರ್ಗ ಚರಿತ್ರೆಯ ಸಂಸ್ಥೆಗೆ ಹೋದನು. ಅಲ್ಲಿಯ ಕಾರ್ಯದರ್ಶಿ ಮಿಲಾರ್ಡ್ ಸಾಹೇಬರು ಗುರುತು ಹೇಳಿ, ಸಂಸ್ಥೆಯ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಆ ಬಾಲಕ ಮುಂದೆ ದೇಶದ ದೊಡ್ಡ ಪಕ್ಷಿ ಶಾಸ್ತ್ರಜ್ಞನಾದನು. ನಮಗೆ ಅಷ್ಟು ವಿದ್ಯೆ ಬೇಡ, ಆದರೆ ಪಂಜರದ ಮರಿಯೋ ಬಯಲಿನ ಮರಿಯೋ ಎಂಬುದಾದರೂ ತಿಳಿಯಬೇಕು.

ಜೀಬ್ರಾ ಫಿಂಚ್ ಆಸ್ಟ್ರೇಲಿಯಾ ಕಡೆಯ ಹಕ್ಕಿ, ತಲೆಮಾರುಗಳಿಂದ ಪಂಜರದಲ್ಲೇ ಬೆಳೆದದ್ದು. ನಾವು ರಾಟವಾಳ ಎನ್ನುವ ಮುನಿಯಾ ಹಕ್ಕಿಗಳು ಅದರ ದಾಯಾದಿಗಳು. ಇವು ನಮ್ಮ ಥಾಣೆ ಖಾಡಿಯ ಅಂಚಿನ ಹುಲ್ಲಿನಲ್ಲೂ ಕಾಣಸಿಗುತ್ತವೆ. ಈ ಎರಡರ ಮರಿಗಳ ಬಾಯೊಳಗೂ ಕಪ್ಪು ಗುರುತುಗಳಿರುತ್ತವೆ. ಮಡಕೆಯೊಳಗಿನ ಕತ್ತಲೆಯಲ್ಲಿ ತಾಯಿಗೆ ಬಾಯಿ ಎಲ್ಲಿದೆಯೆಂದು ತೋರಿಸುವ ಗುರುತು ಇದು. ಗುಬ್ಬಿ ಮರಿಯ ಬಾಯಲ್ಲಿ ಆ ಚುಕ್ಕೆಗಳಿಲ್ಲ, ಬಾಯಂಚು ಮಾತ್ರ ಹಳದಿಯಾಗಿ ಉಬ್ಬಿರುತ್ತದೆ.

ಗುರುತಿನಿಂದ ಎರಡು ಪ್ರಯೋಜನ. ಒಂದು, ಆಹಾರ ಬೇರೆ. ಗುಬ್ಬಿ ತನ್ನ ಮರಿಗೆ ಹುಳುಹುಪ್ಪಟೆ ತಿನ್ನಿಸುತ್ತದೆ, ಫಿಂಚ್ ತಾನು ತಿಂದು ಮೆತ್ತಗೆ ಮಾಡಿದ ಕಾಳನ್ನು ಕಕ್ಕಿ ಕೊಡುತ್ತದೆ. ಇನ್ನೊಂದು ಕಾಯಿದೆಯ ಮಾತು. ರಾಟವಾಳ, ಗುಬ್ಬಿ, ಗಿಳಿ ಮುಂತಾದ ನಮ್ಮ ನಾಡಿನ ಹಕ್ಕಿಗಳನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅಂಥ ಮರಿ ಸಿಕ್ಕಿದರೆ ಗೂಡಿಗೆ ಸೇರಿಸಬೇಕು. ಗೂಡು ಕಾಣದಿದ್ದರೆ ಬೆಚ್ಚಗಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು, ಇಲ್ಲವೆ ಪರೇಲಿನ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಗೆ ಒಯ್ಯಬೇಕು. ಮುಂದೆ ಹೇಳುವುದೆಲ್ಲ ಪಂಜರದ ಫಿಂಚ್ ಮರಿಯ ವಿಷಯ.

ಮೊದಲು ಗೂಡು, ಆಮೇಲೆ ಕೈ

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂದು ನಮ್ಮ ಹಿರಿಯರು ಹೇಳುವುದುಂಟು. ಫಿಂಚ್ ವಿಷಯದಲ್ಲಿ ಇದು ನಿಜವಲ್ಲ. ಬಿದ್ದ ಮರಿ ತಣ್ಣಗಾಗಿದ್ದರೆ ಮೊದಲು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ಅದು ಅಲುಗಾಡತೊಡಗಿದ ಮೇಲೆ ಮಡಕೆಯೊಳಗೆ ಇಡಬೇಕು. ತಣ್ಣಗಿನ ಮರಿಯನ್ನು ಹಾಗೆಯೇ ಇಟ್ಟರೆ ಸತ್ತದ್ದೆಂದು ಬಗೆದು ತಾಯಿತಂದೆಗಳೇ ಎಳೆದು ಹೊರಗೆ ಹಾಕುತ್ತವೆ.

ಮರಿ ಬೀಳಲು ಹಲವು ಕಾರಣಗಳುಂಟು. ಮೊದಲ ಸಲ ಮರಿ ಮಾಡಿದ ಜೋಡಿಗೆ ಅನುಭವ ಸಾಲದು. ಗಳಿಗೆಗೊಮ್ಮೆ ನಾವು ಮಡಕೆಯೊಳಗೆ ಇಣುಕಿದರೆ ಅವು ಗಾಬರಿಗೊಳ್ಳುತ್ತವೆ. ಗಂಡು ಮತ್ತೊಮ್ಮೆ ಗೂಡು ಕಟ್ಟುವ ಆತುರದಲ್ಲಿದ್ದರೆ ಹಳೆಯ ಹುಲ್ಲಿನೊಡನೆ ಮರಿಯೂ ಹೊರಗೆ ಬರುತ್ತದೆ. ಆದ್ದರಿಂದ ಮರಿಯನ್ನು ಒಳಗಿಟ್ಟ ಮೇಲೆ ಪಂಜರದ ಮುಂದೆ ನಿಲ್ಲದೆ, ಗೂಡು ಕಟ್ಟುವ ಹುಲ್ಲುನಾರನ್ನು ತೆಗೆದು, ಎರಡು ಗಂಟೆ ದೂರವಿರಬೇಕು. ಮರಿಯ ಕತ್ತಿನ ಬದಿಯಲ್ಲಿ ಮೇವಿನ ಚೀಲವಿರುತ್ತದೆ. ಚರ್ಮ ತೀರ ತೆಳುವಾದ್ದರಿಂದ ಒಳಗಿನ ಮೇವು ಹೊರಗೇ ಕಾಣುತ್ತದೆ. ಎರಡು ಗಂಟೆಯ ಮೇಲೆ ಆ ಚೀಲ ತುಂಬಿದ್ದರೆ ನಮ್ಮ ಕೆಲಸ ಮುಗಿಯಿತು.

ಮೊದಲು ಬೆಚ್ಚನೆ, ಆಮೇಲೆ ಗುಟುಕು

ಎರಡು ಸಲ ಸೇರಿಸಿದರೂ ಮರಿ ಹೊರಗೆ ಬಂದರೆ ಕೈಯಲ್ಲಿ ಸಾಕುವುದನ್ನು ಯೋಚಿಸಬೇಕು. ಆಗ ನೆನಪಿಡಬೇಕಾದ ಮಾತು ಇದು: ಹಸಿವಿಗಿಂತ ಚಳಿ ಬೇಗ ಕೊಲ್ಲುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿಯ ಉಳಿಕೆ ಇರುವುದರಿಂದ ಕೆಲವು ಗಂಟೆ ಗುಟುಕಿಲ್ಲದೆ ಇರಬಲ್ಲದು. ಮೈಬಿಸಿಯನ್ನು ಮಾತ್ರ ತಾನಾಗಿ ಕಾಯ್ದುಕೊಳ್ಳಲಾರದು. ಒಂದು ಗ್ರಾಮಿನಷ್ಟೂ ತೂಗದ ಮೈಯಲ್ಲಿ ಬಿಸಿ ಎಷ್ಟು ಹೊತ್ತು ನಿಂತೀತು? ಮುಂಬಯಿಯ ಸೆಕೆ ನಮಗೆ ಸಾಕಾದೀತು, ಅದಕ್ಕೆ ಸಾಲದು.

ಮರಿಯ ಹತ್ತಿರ ಮೊದಲ ಕೆಲವು ದಿನ 35ರಿಂದ 36 ಡಿಗ್ರಿ ಸೆಲ್ಸಿಯಸ್ ಇರಬೇಕು. ಗರಿ ಬಂದಂತೆ ಸ್ವಲ್ಪ ಸ್ವಲ್ಪವಾಗಿ 30ಕ್ಕೆ ಇಳಿಸಬಹುದು. ಒಂದು ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಚಿಕ್ಕ ಬಟ್ಟಲಿಟ್ಟು, ಅದರಲ್ಲಿ ಮೆತ್ತನೆಯ ಕಾಗದದ ಕರವಸ್ತ್ರವನ್ನು ಗೂಡಿನಂತೆ ಒತ್ತಿ ಮರಿಯನ್ನು ಇಡಬೇಕು. ಬಟ್ಟಲು ಕಿರಿದಾಗಿರಲಿ. ಜಾರುವ ತಳದ ಮೇಲೆ ಬೆಳೆದ ಮರಿಯ ಕಾಲುಗಳು ಎರಡು ಕಡೆಗೆ ಸೀಳಿದಂತಾಗಿ ಮುಂದೆ ನಿಲ್ಲಲಾರದು. ಹತ್ತಿಯೂ ಬೇಡ, ಅದರ ಎಳೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಬಿಸಿಗೆ 25 ಅಥವಾ 40 ವ್ಯಾಟಿನ ಹಳೆಯ ತಂತಿಯ ಬಲ್ಬೇ ಆಗಬೇಕು. ಈಗಿನ ಎಲ್‌ಇಡಿ ದೀಪದ ಬೆಳಕಿನಲ್ಲಿ ಈ ಕೆಲಸಕ್ಕೆ ಬೇಕಾದಷ್ಟು ಕಾವಿಲ್ಲ. ಹಳೆಯ ಬಲ್ಬು ಸಿಗದಿದ್ದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಆರಿದಂತೆ ಬದಲಿಸಬಹುದು. ಪೆಟ್ಟಿಗೆಯೊಳಗೆ ಒಂದು ಉಷ್ಣಮಾಪಕವಿರಲಿ, ಒದ್ದೆ ಸ್ಪಂಜಿನ ತುಂಡೊಂದು ಮರಿಯಿಂದ ದೂರ ಇರಲಿ. ಮರಿ ಬಾಯಿ ತೆರೆದು ಏದುತ್ತಿದ್ದರೆ ಬಿಸಿ ಹೆಚ್ಚಾಯಿತು, ಬಿಳಿಚಿಕೊಂಡು ಸುಮ್ಮನೆ ಬಿದ್ದಿದ್ದರೆ ಕಡಿಮೆಯಾಯಿತು.

ಮೈ ತಣ್ಣಗಿರುವಾಗ ಗುಟುಕು ಕೊಡಲೇಬಾರದು. ಜೀರ್ಣಶಕ್ತಿ ನಿಂತು, ಕೊಟ್ಟದ್ದು ಚೀಲದಲ್ಲೇ ಹುಳಿಯುತ್ತದೆ.

ಗುಟುಕಿನ ಹಿಟ್ಟು

ಹಾಲು, ಬ್ರೆಡ್ಡು, ಅನ್ನ, ಸಕ್ಕರೆ ಇವೊಂದೂ ಬೇಡ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗೆ ಇಲ್ಲ. ಪಕ್ಷಿ ಮರಿಗಳಿಗೆಂದೇ ಮಾಡಿದ ಹಿಟ್ಟು ಅಂಗಡಿಯಲ್ಲಿ ದೊರೆಯುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಅದನ್ನು ಕಲಸಬೇಕು. ಮೊದಲ ದಿನ ಗಂಜಿಯ ತಿಳಿಯಂತೆ ತೆಳ್ಳಗಿರಲಿ, ವಾರದ ಮೇಲೆ ನೀರುದೋಸೆಯ ಹಿಟ್ಟಿನಷ್ಟು ಆಗಲಿ. ಕೊಡುವಾಗ 38ರಿಂದ 40 ಡಿಗ್ರಿ ಬಿಸಿ ಸಾಕು. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಹಾಕಿದರೆ ಸುಡಬಾರದು, ತಣ್ಣಗೂ ತೋರಬಾರದು. ಪ್ರತಿಸಲವೂ ಹೊಸದಾಗಿ ಕಲಸಿ, ಉಳಿದದ್ದನ್ನು ಚೆಲ್ಲಬೇಕು.

ಸೂಜಿ ತೆಗೆದ 1 ಮಿಲಿಲೀಟರಿನ ಪಿಚಕಾರಿ ಅಥವಾ ಚಿತ್ರ ಬರೆಯುವ ಸಣ್ಣ ಹೊಸ ಕುಂಚ ಈ ಕೆಲಸಕ್ಕೆ ಆಗುತ್ತದೆ. ಬಟ್ಟಲನ್ನು ಮೆಲ್ಲಗೆ ತಟ್ಟಿದರೆ ಮರಿ ತಲೆಯೆತ್ತಿ ಬಾಯಿ ತೆರೆಯುತ್ತದೆ. ಆಗ ಒಂದು ಚಿಕ್ಕ ಹನಿ, ಅದು ನುಂಗಿದ ಮೇಲೆ ಇನ್ನೊಂದು. ನಾಲಗೆಯ ಬುಡದಲ್ಲೇ ಉಸಿರಿನ ಕೊಳವೆಯ ಬಾಯಿ ಇದೆ. ಆತುರದಿಂದ ಹಿಂಡಿದರೆ ಹಿಟ್ಟು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ನನ್ನ ಗುಬ್ಬಿ ಮರಿ ಸತ್ತದ್ದೂ ಹೀಗೆಯೇ ಇರಬೇಕು. ಬಾಯಿ ತೆರೆಯದ ಮರಿಗೆ ಬಲವಂತ ಬೇಡ, ಇನ್ನಷ್ಟು ಬೆಚ್ಚಗೆ ಮಾಡಿ ಕಾಯಬೇಕು. ಬೇರೆಯಾಗಿ ನೀರು ಕುಡಿಸುವ ಅಗತ್ಯವಿಲ್ಲ. ಮೇವಿನ ಚೀಲ ತುಂಬಿ ಬಿಗಿಯುವ ಮೊದಲೇ ನಿಲ್ಲಿಸಬೇಕು, ಬಹುಮಟ್ಟಿಗೆ ಖಾಲಿಯಾದ ಮೇಲೆ ಮತ್ತೆ ಕೊಡಬೇಕು. ಮೈಗೆ ಅಂಟಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣಗಿದರೆ ಚರ್ಮ ಕಿತ್ತುಬರುತ್ತದೆ.

ಪ್ರತಿ ಬೆಳಿಗ್ಗೆ ಮೊದಲ ಗುಟುಕಿಗೆ ಮುಂಚೆ ಅಕ್ಕಸಾಲಿಗರಂಥ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯದು. ತೂಕ ದಿನದಿನಕ್ಕೂ ಏರಬೇಕು. ಏರದಿದ್ದರೆ ವೈದ್ಯರನ್ನು ಕಾಣಬೇಕು.

ಹೊತ್ತಿನ ಲೆಕ್ಕ

ನಮ್ಮಂಥ ಕೆಲಸಗಾರರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಮೊದಲ ಮೂರು ದಿನ ಅರ್ಧ ಗಂಟೆಗೊಮ್ಮೆ ಗುಟುಕು ಬೇಕು. ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ 15 ಗಂಟೆ, ಅಂದರೆ 30 ಸಲ. ಹಿಟ್ಟು ಕಲಸುವುದು, ಕೊಡುವುದು, ತೊಳೆಯುವುದು ಎಲ್ಲ ಸೇರಿ ಸಲಕ್ಕೆ 10 ನಿಮಿಷವೆಂದರೂ ದಿನಕ್ಕೆ 5 ಗಂಟೆ. ಒಂದು ವಾರದವರೆಗೆ ಗಂಟೆಗೊಮ್ಮೆ, ಗರಿ ಬರುವವರೆಗೆ ಎರಡು ಗಂಟೆಗೊಮ್ಮೆ, ಆಮೇಲೆ ಮೂರು ಗಂಟೆಗೊಮ್ಮೆ. ಆರೇಳು ದಿನಕ್ಕೆ ಕಣ್ಣು ತೆರೆಯುತ್ತದೆ. ಮೂರು ವಾರದ ಹೊತ್ತಿಗೆ ಗೂಡು ಬಿಡುತ್ತದೆ. ನೆನೆಸಿದ ನವಣೆಯನ್ನು (ಇಲ್ಲಿಯ ಅಂಗಡಿಯವರು ಇದನ್ನೇ ಕಂಗನಿ ಎನ್ನುತ್ತಾರೆ) ಆಗ ಮುಂದಿಡಬೇಕು. ತಾನಾಗಿ ತಿಂದು ಹೊಟ್ಟೆ ತುಂಬಿಸಿಕೊಳ್ಳಲು ಒಟ್ಟು ಐದು ವಾರವಾದರೂ ಬೇಕು.

ಬೆಳಿಗ್ಗೆ 8ಕ್ಕೆ ಮನೆ ಬಿಟ್ಟು, ವಿಕ್ರೋಳಿಯಿಂದ ಲೋಕಲ್ ಹಿಡಿದು, ಸಂಜೆ 7ಕ್ಕೆ ತಿರುಗಿ ಬರುವವನು ಮೊದಲ ದಿನಗಳಲ್ಲಿ 22 ಗುಟುಕು ತಪ್ಪಿಸುತ್ತಾನೆ. ಹಗಲು ಮನೆಯಲ್ಲಿ ಯಾರೂ ಇಲ್ಲದವನು "ನಾನೇ ಸಾಕುತ್ತೇನೆ" ಎನ್ನುವುದು ಮರಿಯ ಸಾವನ್ನು ಸಂಜೆಯವರೆಗೆ ಮುಂದೂಡುವುದಷ್ಟೇ. ಇದನ್ನು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಒಪ್ಪಿಕೊಂಡವನೇ ನೆರೆಮನೆಯ ಬಾಗಿಲು ತಟ್ಟುತ್ತಾನೆ.

ಸಾಕುತಾಯಿ

ಇನ್ನೊಂದು ದಾರಿಯುಂಟು. ಬೆಂಗಾಲೀಸ್ ಫಿಂಚ್ ಎಂಬ ಪಂಜರದ ಹಕ್ಕಿ ಬಿಳಿಬೆನ್ನಿನ ಮುನಿಯಾದಿಂದ ಬಂದದ್ದು. ಚೀನಾದಿಂದ ಜಪಾನಿಗೆ ಹೋಗಿ, ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಮನೆಯಲ್ಲೇ ಬೆಳೆದು ಸಾಧುವಾಯಿತು. ಅದೇ ಜಾತಿಯ ಕಾಡುಹಕ್ಕಿ ನಮ್ಮ ಮಲೆನಾಡಿನಲ್ಲೂ ಇದೆ. ಈ ಬೆಂಗಾಲೀಸ್ ಜೋಡಿಗೆ ಬೇರೆ ಫಿಂಚ್ ಮರಿಯನ್ನು ಕೊಟ್ಟರೂ ತನ್ನದೇ ಎಂಬಂತೆ ಸಾಕುವ ಗುಣವಿದೆ. ಅದರ ಮರಿಗಳೂ ಸರಿಸುಮಾರು ಅದೇ ವಯಸ್ಸಿನವಾಗಿರಬೇಕು, ಇಲ್ಲವೆ ಮೊಟ್ಟೆಗಳು ಒಡೆಯುವ ಹೊತ್ತಿನಲ್ಲಿರಬೇಕು. ಸಂಜೆ ಕತ್ತಲಾಗುವಾಗ ಮರಿಯನ್ನು ಮೆಲ್ಲಗೆ ಅದರ ಗೂಡಿಗೆ ಸೇರಿಸಬೇಕು.

ನಮ್ಮ ಬೆಂಕಿಪೊಟ್ಟಣದ ಮರಿ ಉಳಿದದ್ದು ಹೀಗೆಯೇ. ಗೂಡಿಗೆ ಎರಡು ಸಲ ಸೇರಿಸಿದೆವು, ಎರಡು ಸಲವೂ ಹೊರಗೆ ಬಿತ್ತು. ಮೂರು ದಿನ ಹುಡುಗಿಯ ಅಜ್ಜಿ ಗಡಿಯಾರ ಮುಂದಿಟ್ಟುಕೊಂಡು ಕುಂಚದಿಂದ ಗುಟುಕು ಕೊಟ್ಟರು. ಅವರು ಸ್ನಾನಕ್ಕೆ ಹೋದಾಗ ಪಕ್ಕದ ಮನೆಯ ಮರಾಠಿ ಬಾಯಿ ಕೊಟ್ಟರು. ನಾಲ್ಕನೆಯ ಸಂಜೆ ಪಾರ್ಕ್ ಸೈಟಿನ ಪರಿಚಿತರೊಬ್ಬರ ಬೆಂಗಾಲೀಸ್ ಜೋಡಿಯ ಮರಿಗಳ ನಡುವೆ ಅದನ್ನು ಇಟ್ಟೆವು. ಮರುದಿನ ಬೆಳಿಗ್ಗೆ ನೋಡಿದಾಗ ಅದರ ಮೇವಿನ ಚೀಲ ತುಂಬಿತ್ತು.

ಹಾಡು

ಮರಿ ಬದುಕಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಜೀಬ್ರಾ ಫಿಂಚ್ ಗಂಡು ಹುಟ್ಟುವಾಗಲೇ ಹಾಡು ತಿಳಿದಿರುವುದಿಲ್ಲ. ಸುಮಾರು 25ರಿಂದ 65 ದಿನದೊಳಗೆ ಹತ್ತಿರದ ಹಿರಿಯ ಗಂಡಿನಿಂದ ಕೇಳಿ ಕಲಿಯುತ್ತದೆ. ಬೆಂಗಾಲೀಸ್ ಜೋಡಿ ಸಾಕಿದ ಜೀಬ್ರಾ ಮರಿ ಬೆಂಗಾಲೀಸ್ ಹಾಡನ್ನೇ ಹಾಡುವುದೆಂದು ಜರ್ಮನಿಯ ವಿಜ್ಞಾನಿ ಕ್ಲಾಸ್ ಇಮ್ಮೆಲ್ಮನ್ 1960ರ ದಶಕದಲ್ಲಿ ತೋರಿಸಿದರು. ಯಾವ ಹಕ್ಕಿಯ ದನಿಯೂ ಕೇಳದೆ ಕೈಯಲ್ಲೇ ಬೆಳೆದದ್ದು ಮುರುಕು ಹಾಡನ್ನು ಹಾಡುತ್ತದೆ. ಆದ್ದರಿಂದ ಐದು ವಾರವಾಗಿ ತಾನೇ ತಿನ್ನತೊಡಗಿದೊಡನೆ ಮರಿಯನ್ನು ತನ್ನ ಜಾತಿಯ ಹಿರಿಯರ ಪಂಜರದ ಪಕ್ಕದಲ್ಲಿಡಬೇಕು.

ನಮ್ಮ ಮರಿಯ ವಿಷಯದಲ್ಲಿ ಇದು ನಮಗೆ ತಡವಾಗಿ ತಿಳಿಯಿತು. ಮೂರು ತಿಂಗಳಿಗೆ ಅದರ ಕೊಕ್ಕು ಕೆಂಪಾಯಿತು, ಕೆನ್ನೆಗೆ ಕಿತ್ತಳೆ ಬಣ್ಣ ಬಂತು, ಗಂಡೆಂದು ಗೊತ್ತಾಯಿತು. ಆದರೆ ಹಾಡು ಸಾಕುತಂದೆಯದೇ. ಅದರ ಹೆತ್ತ ತಂದೆ ಅದೇ ಮನೆಯ ಇನ್ನೊಂದು ಪಂಜರದಲ್ಲಿ ತನ್ನ ರಾಗ ಎತ್ತಿದರೆ ಇದು ತಲೆ ಓರೆ ಮಾಡಿ ಕೇಳುತ್ತದೆ, ಉತ್ತರ ಮಾತ್ರ ಬೇರೆ ಹಾಡಿನಲ್ಲಿ ಕೊಡುತ್ತದೆ.

ಹುಡುಗಿಗೆ ಇದರಿಂದ ಬೇಸರವಿಲ್ಲ. "ಅದಕ್ಕೆ ಊಟ ಕೊಟ್ಟವರ ಹಾಡು ಅದು, ಮಾಮಾ" ಎನ್ನುತ್ತಾಳೆ. ಅವಳ ಅಜ್ಜಿ ಮಾತ್ರ ಇತ್ತೀಚೆಗೆ ಪ್ರತಿ ಭಾನುವಾರ ಅವಳನ್ನು ನಮ್ಮ ವಾಚನಾಲಯದ ಮಕ್ಕಳ ಮೇಜಿಗೆ ಕಳುಹಿಸತೊಡಗಿದ್ದಾರೆ.